ಎಷ್ಟು ಕೂಗು ಅಂತ ಕೇಳುವ ಮೊದಲು: ಮನೆಯ ಕುಕ್ಕರ್ ಆರಿಸುವ, ಬಳಸುವ ಸಮಗ್ರ ಮಾರ್ಗದರ್ಶಿ

ಬೇಳೆ ಬೇಯುತ್ತಿಲ್ಲ. ವಿಶಲ್‌ನಿಂದ ಹಳದಿ ನೀರು ಚೆಲ್ಲಿ ಒಲೆಯೆಲ್ಲ ಗಲೀಜು. ಅನ್ನ ಒಂದು ದಿನ ಉದುರುದುರು, ಮರುದಿನ ಅಂಟಂಟು. ದಾವಣಗೆರೆ, ಚಿತ್ರದುರ್ಗದ ಕಡೆ ಕುಕ್ಕರ್ ಬಗ್ಗೆ ಯಾರನ್ನು ಮಾತಾಡಿಸಿದರೂ ದೂರುಗಳು ಹೆಚ್ಚಾಗಿ ಇವೇ ಮೂರು. ಕೊನೆಗೆ ಕೇಳುವ ಪ್ರಶ್ನೆಯೂ ಒಂದೇ: "ಎಷ್ಟು ಕೂಗು ಕೂಗಿಸಬೇಕು?"

ತೊಂದರೆ ಶುರುವಾಗುವುದೇ ಆ ಪ್ರಶ್ನೆಯಿಂದ. ಉರಿ ಜೋರಿದ್ದರೆ ಐದು ನಿಮಿಷದಲ್ಲಿ ಆರು ಸಲ ಕೂಗುತ್ತದೆ. ಸಣ್ಣಗಿದ್ದರೆ ಅದೇ ಐದು ನಿಮಿಷದಲ್ಲಿ ಒಂದೂ ಇಲ್ಲ. ಒಳಗಿನ ಬಿಸಿ ಮಾತ್ರ ಎರಡರಲ್ಲೂ ಹೆಚ್ಚುಕಡಿಮೆ ಅಷ್ಟೇ ಇರುತ್ತದೆ. ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 1 ಕಿಲೋ ಮುಟ್ಟಿದಾಗ ವೇಟ್, ಅಂದರೆ ಮುಚ್ಚಳದ ಮೇಲಿನ ಕೂಗುವ ವಿಶಲ್, ಏಳುತ್ತದೆ, ಹೆಚ್ಚಾದ ಹಬೆ ಹೊರಗೆ ಹೋಗುತ್ತದೆ. ಆಗ ಒಳಗಿನ ಬಿಸಿ ಸುಮಾರು 120 ಡಿಗ್ರಿ. ದಾವಣಗೆರೆ ಇರುವುದು ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿ. ಇಲ್ಲಿ ತೆರೆದ ಪಾತ್ರೆಯ ನೀರು 98 ಡಿಗ್ರಿಗೇ ಕುದಿಯುತ್ತದೆ. ದುರ್ಗ 700 ಮೀಟರ್ ದಾಟುತ್ತದೆ, ಅಲ್ಲಿ ಇನ್ನೂ ಸ್ವಲ್ಪ ಕಡಿಮೆ. ಈ ಇಪ್ಪತ್ತು ಚಿಲ್ಲರೆ ಡಿಗ್ರಿ ವ್ಯತ್ಯಾಸವೇ ಕಾಳು ಬೇಯಿಸುವುದು. ಹಾಗಾಗಿ ಲೆಕ್ಕ ಇಡಬೇಕಾದ್ದು ನಿಮಿಷವನ್ನು, ಅದೂ ಮೊದಲ ಕೂಗಿನ ನಂತರದ ನಿಮಿಷಗಳನ್ನು.

ಹಂತ 1: ಅಂಗಡಿಗೆ ಹೋಗುವ ಮೊದಲು ಅಳತೆ ತೀರ್ಮಾನಿಸಿ

ಡಬ್ಬಿಯ ಮೇಲೆ ಬರೆದಿರುವ ಲೀಟರ್ ಕುಕ್ಕರಿನ ಪೂರ್ತಿ ಅಳತೆ. ಅಷ್ಟನ್ನೂ ತುಂಬುವಂತಿಲ್ಲ. ಸಾಮಾನ್ಯ ಅಡುಗೆಗೆ ಮೂರರಲ್ಲಿ ಎರಡು ಭಾಗ, ಬೇಳೆಕಾಳಿಗೆ ಅರ್ಧ, ಅಷ್ಟೇ ಬಳಕೆಗೆ ಸಿಗುವುದು. ಅಂದರೆ 3 ಲೀಟರ್ ಕುಕ್ಕರಿನಲ್ಲಿ ಬೇಳೆ, ನೀರು ಸೇರಿ ಒಂದೂವರೆ ಲೀಟರ್.

ದಾವಣಗೆರೆಯ ವಿದ್ಯಾನಗರದ ಕಡೆ ರೂಮು ಮಾಡಿಕೊಂಡು ಓದುವ ಹುಡುಗರಿಗೆ 2 ಅಥವಾ 3 ಲೀಟರ್ ಸಾಕು. ನಾಲ್ಕು ಜನರ ಮನೆಗೆ 5 ಲೀಟರ್ ಬೇಕು. ಅನ್ನದ ಪಾತ್ರೆ, ಬೇಳೆ ಪಾತ್ರೆ ಒಂದರ ಮೇಲೊಂದು ಇಟ್ಟು ಬೇಯಿಸುವವರು 5 ಲೀಟರಿಗಿಂತ ಕೆಳಗೆ ಹೋಗಬೇಡಿ. ಆರೇಳು ಜನರಿದ್ದರೆ ಏಳೂವರೆ ಲೀಟರ್. ನನ್ನನ್ನು ಕೇಳಿದರೆ ಹತ್ತು ಲೀಟರಿನದು ಒಂದು ತರುವುದಕ್ಕಿಂತ 5 ಲೀಟರಿನದೊಂದು, 3 ಲೀಟರಿನದೊಂದು ಇರುವುದು ಮೇಲು. ಎರಡು ಆಲೂಗಡ್ಡೆ ಬೇಯಿಸಲು ದೊಡ್ಡ ಕುಕ್ಕರ್ ಏರಿಸಿದರೆ ಗ್ಯಾಸ್ ಸುಮ್ನೆ ದಂಡ.

ಹಂತ 2: ಲೋಹ, ಮುಚ್ಚಳ, ಮುದ್ರೆ ನೋಡಿ ಆರಿಸಿ

ಲೋಹವನ್ನು ನಿಮ್ಮ ಮನೆಯ ನೀರು ನೋಡಿ ಆರಿಸಿ. ಹೀಗೆ ಅಂಗಡಿಯಲ್ಲಿ ಯಾರೂ ಹೇಳುವುದಿಲ್ಲ. ಅಲ್ಯೂಮಿನಿಯಂ ಅಗ್ಗ, ಬೇಗ ಕಾಯುತ್ತದೆ, ತಳ ಹಿಡಿಯುವುದು ಕಡಿಮೆ. ಆದರೆ ಗಡಸು ಬೋರ್ ನೀರಿಗೆ ಒಳಗೆಲ್ಲ ಕಪ್ಪಾಗುತ್ತದೆ, ಹುಳಿ ಪದಾರ್ಥ ಅದರಲ್ಲಿ ಬಿಟ್ಟಿಡುವಂತಿಲ್ಲ. ನಲ್ಲಿಯಲ್ಲಿ ಹೊಳೆ ನೀರೋ ಡ್ಯಾಂ ನೀರೋ ಬರುತ್ತಿದ್ದರೆ ಅಲ್ಯೂಮಿನಿಯಂ ಧಾರಾಳವಾಗಿ ಸಾಕು. ಬೋರ್ ನೀರೇ ಗತಿ ಎನ್ನುವ ಚಳ್ಳಕೆರೆ, ಜಗಳೂರು ಕಡೆಯವರು ಸ್ಟೀಲ್ ತೆಗೆದುಕೊಳ್ಳಿ. ಸ್ಟೀಲ್ ಆದರೆ ತಳ ದಪ್ಪ ಇರಲೇಬೇಕು. ಎರಡು ಸ್ಟೀಲ್ ಪದರದ ಮಧ್ಯೆ ಅಲ್ಯೂಮಿನಿಯಂ ಇರುವ ತಳವನ್ನೇ ಕೇಳಿ ಪಡೆಯಿರಿ. ತೆಳು ತಳದ ಸ್ಟೀಲ್ ಕುಕ್ಕರಿನಲ್ಲಿ ಪಲಾವ್ ಸೀಯುವುದು ಗ್ಯಾರಂಟಿ. ಕಪ್ಪು ಬಣ್ಣದ ಹಾರ್ಡ್ ಅನೊಡೈಸ್ಡ್ ಕುಕ್ಕರ್ ಒಳ್ಳೆಯದೇ, ಆದರೆ ಅದನ್ನು ಸ್ಟೀಲ್ ಜುಂಗಿನಿಂದ ಉಜ್ಜಬಾರದು. ಇಂಡಕ್ಷನ್ ಒಲೆ ಇದ್ದರೆ ತಳಕ್ಕೆ ಅದು ಹೊಂದುತ್ತದೆಯೇ ಎಂದು ಡಬ್ಬಿಯ ಮೇಲೆ ನೋಡಿ. ಬರೀ ಅಲ್ಯೂಮಿನಿಯಂ ತಳ ಅದರ ಮೇಲೆ ಕಾಯುವುದಿಲ್ಲ.

ಮುಚ್ಚಳದಲ್ಲಿ ಎರಡು ಬಗೆ. ಒಳಮುಚ್ಚಳ ಓರೆಯಾಗಿ ಒಳಗಿಳಿದು ಅಂಚಿಗೆ ಕಚ್ಚಿಕೊಳ್ಳುತ್ತದೆ. ಒಳಗೆ ಒತ್ತಡ ಇದ್ದಷ್ಟೂ ಅದು ಇನ್ನೂ ಬಿಗಿಯಾಗುತ್ತದೆ, ಹಾಗಾಗಿ ಮರೆತು ತೆರೆಯಲು ಹೋದರೂ ಬರುವುದಿಲ್ಲ. ಮಕ್ಕಳು, ವಯಸ್ಸಾದವರು ಒಲೆ ಮುಂದೆ ನಿಲ್ಲುವ ಮನೆಗೆ ನಾನು ಹೇಳುವುದು ಇದನ್ನೇ. ಹೊರಮುಚ್ಚಳ ತಿರುಗಿಸಿ ಹಾಕುವಂಥದ್ದು. ಬಾಯಿ ಅಗಲ, ಒಳಗೆ ಪಾತ್ರೆ ಇಡಲು, ತೆಗೆಯಲು ಸಲೀಸು. ಅದನ್ನು ಬಲ ಹಾಕಿ ತಿರುಗಿಸಬಾರದು, ಅಷ್ಟು ನೆನಪಿದ್ದರೆ ಸಾಕು.

ಇನ್ನು ಮುದ್ರೆ. 2021ರ ಫೆಬ್ರವರಿ 1ರಿಂದ ಮನೆಬಳಕೆಯ ಕುಕ್ಕರಿಗೆ ಐಎಸ್‌ಐ ಗುರುತು ಕಡ್ಡಾಯ. ಗುರುತಿನ ಮೇಲೆ ಐಎಸ್ 2347 ಎಂದು, ಕೆಳಗೆ ಸಿಎಂ/ಎಲ್ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಈ ಗುರುತು ಕೊಡುವ ಸಂಸ್ಥೆ ಬಿಐಎಸ್, ಅದರ ಬಿಐಎಸ್ ಕೇರ್ ಆ್ಯಪ್‌ನಲ್ಲಿ ಆ ಸಂಖ್ಯೆ ಹಾಕಿದರೆ ನಿಜವೋ ಸುಳ್ಳೋ ಗೊತ್ತಾಗುತ್ತದೆ. ದಾವಣಗೆರೆಯ ಮಂಡಿಪೇಟೆಯಲ್ಲಿ ತಂದರೂ, ದುರ್ಗದ ಲಕ್ಷ್ಮೀ ಬಜಾರಿನಲ್ಲಿ ತಂದರೂ ಬಿಲ್ಲು ಕೊಡಿ ಅಂತ ಕೇಳಿ. ಮದುವೆ ಮುಯ್ಯಿಗೆ ಬಂದದ್ದು, ಚುನಾವಣೆ ಹೊತ್ತಲ್ಲಿ ಬಾಗಿಲಿಗೆ ಬಂದದ್ದು, ಇವೆರಡನ್ನೂ ಮುದ್ರೆ ನೋಡದೆ ಒಲೆ ಮೇಲೆ ಇಡಬೇಡಿ. ಮುದ್ರೆ ಇಲ್ಲದ್ದನ್ನು ಅಕ್ಕಿ ಹಾಕಿಡಲು ಬಳಸಬಹುದು.

ಹಂತ 3: ಮೊದಲ ದಿನ ಬರೀ ನೀರು ಹಾಕಿ ಪರೀಕ್ಷೆ

ಹೊಸ ಕುಕ್ಕರನ್ನು ಸೋಪಿನಿಂದ ತೊಳೆಯಿರಿ. ಗ್ಯಾಸ್ಕೆಟ್, ಅಂದರೆ ಮುಚ್ಚಳದ ರಬ್ಬರ್ ಬಳೆ, ಬಿಚ್ಚಿ ಅದನ್ನೂ ತೊಳೆಯಿರಿ. ಹಿಡಿಯ ಸ್ಕ್ರೂ ಬಿಗಿಯಾಗಿದೆಯೇ ನೋಡಿ. ಅರ್ಧ ಲೀಟರ್ ನೀರು ಹಾಕಿ, ಮುಚ್ಚಿ, ಎರಡು ಸಲ ಕೂಗುವ ತನಕ ಕಾಯಿಸಿ. ಅಂಚಿನಿಂದ ಹಬೆ ಬಂದರೆ ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ. ತೆಗೆದು ಹಾಕಿದ ಮೇಲೂ ಬಂದರೆ ಅವತ್ತೇ ಅಂಗಡಿಗೆ ವಾಪಸ್ ಒಯ್ಯಿರಿ. ಅನ್ನ ಬೇಯಿಸಿದ ಮೇಲೆ ಒಯ್ದರೆ ಯಾರೂ ಬದಲಾಯಿಸಿ ಕೊಡುವುದಿಲ್ಲ.

ಜೊತೆಗೆ ಬಂದ ಪುಸ್ತಕ ಬಿಸಾಡಬೇಡಿ. ಗ್ಯಾಸ್ಕೆಟ್ ತರಲು ಹೋದಾಗ ಮಾಡೆಲ್ ಹೆಸರು, ಲೀಟರ್ ಎರಡೂ ಬೇಕಾಗುತ್ತವೆ.

ಹಂತ 4: ಪ್ರತಿ ಸಲ ಮುಚ್ಚುವ ಮೊದಲು ಮೂರು ಜಾಗ ನೋಡಿ

ಒಂದು, ಹಬೆ ಕೊಳವೆ. ವೇಟ್ ಕೂರುವ ಆ ಸಣ್ಣ ಕೊಳವೆಯನ್ನು ಬೆಳಕಿಗೆ ಹಿಡಿಯಿರಿ. ಆಚೆ ಬೆಳಕು ಕಾಣಬೇಕು. ಕಾಣದಿದ್ದರೆ ದಪ್ಪ ಸೂಜಿ ಆಡಿಸಿ, ನಲ್ಲಿ ನೀರು ಬಿಡಿ. ಪೊರಕೆ ಕಡ್ಡಿ ಚುಚ್ಚಬೇಡಿ, ತುದಿ ಒಳಗೇ ಮುರಿದು ಕೂರುತ್ತದೆ. ಬೇಳೆಯ ಒಂದು ಸಿಪ್ಪೆ ಸಾಕು ಕೊಳವೆ ಕಟ್ಟಲು.

ಎರಡು, ಗ್ಯಾಸ್ಕೆಟ್. ಬೆರಳಲ್ಲಿ ಮಡಚಿ ನೋಡಿ. ಬಿರುಕು ಕಂಡರೆ, ಗಡುಸಾಗಿದ್ದರೆ, ಹಿಗ್ಗಿ ಮುಚ್ಚಳದಿಂದ ಜಾರುತ್ತಿದ್ದರೆ ಅದರ ಆಯಸ್ಸು ಮುಗಿದಿದೆ.

ಮೂರು, ಸೇಫ್ಟಿ ವಾಲ್ವ್. ಅದರ ಮಧ್ಯೆ ಬಿಸಿ ಮಿತಿ ಮೀರಿದರೆ ಕರಗುವ ಲೋಹದ ಚುಕ್ಕೆ ಇರುತ್ತದೆ. ಅದು ತುಂಬಿಕೊಂಡಿರಬೇಕು, ಸುತ್ತ ಅಡುಗೆ ಒಣಗಿ ಅಂಟಿರಬಾರದು.

ಇಷ್ಟಕ್ಕೆ ಅರ್ಧ ನಿಮಿಷವೂ ಬೇಡ. ಬಿಟ್ಟುಹೋಗುವುದೂ ಇದೇ.

ಹಂತ 5: ನೀರು ಎಷ್ಟು, ಯಾವ ನೀರು

ಮೊದಲ ಹತ್ತು ನಿಮಿಷದ ಅಡುಗೆಗೆ ತಳದಲ್ಲಿ ಕಡಿಮೆ ಎಂದರೆ ಒಂದೂವರೆ ಲೋಟ, ಅಂದರೆ 300 ಮಿಲಿಲೀಟರ್ ನೀರು ಇರಬೇಕು. ಅದಕ್ಕಿಂತ ಹೆಚ್ಚು ಹೊತ್ತು ಬೇಯಿಸುವುದಾದರೆ ಪ್ರತಿ ಹತ್ತು ನಿಮಿಷಕ್ಕೂ ಇನ್ನರ್ಧ ಲೋಟದಂತೆ ಮೊದಲೇ ಸೇರಿಸಿ. ಪಾತ್ರೆ ಇಟ್ಟು ಬೇಯಿಸುವಾಗ ಒಳಪಾತ್ರೆಯ ನೀರು ಈ ಲೆಕ್ಕಕ್ಕೆ ಬರುವುದಿಲ್ಲ. ತಳದಲ್ಲಿ ತೂತಿನ ಬಿಲ್ಲೆ ಇಟ್ಟು, ಅದು ಮುಳುಗುವಷ್ಟು ನೀರು ಹಾಕಿ. ಎಣ್ಣೆ, ಗಟ್ಟಿ ಗೊಜ್ಜು, ಮೊಸರು ನೀರಿನ ಬದಲು ಆಗುವುದಿಲ್ಲ. ಹಬೆ ಬರುವುದು ನೀರಿನಿಂದ ಮಾತ್ರ.

ಈಗ ಬೇಳೆ ಬೇಯದ ದೂರಿಗೆ ಬರೋಣ. ನಮ್ಮ ಭಾಗದಲ್ಲಿ ಇದಕ್ಕೆ ಕಾರಣ ಕುಕ್ಕರಿಗಿಂತ ಜಾಸ್ತಿ ನೀರೇ. ಚಿತ್ರದುರ್ಗ ಜಿಲ್ಲೆಯ ಎಷ್ಟೋ ಬೋರುಗಳ ನೀರು ಗಡಸು. ಅದರಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಕಾಳಿನ ಕಣಗಳನ್ನು ಒಂದಕ್ಕೊಂದು ಹಿಡಿದಿಡುವ ಅಂಟನ್ನು ಗಟ್ಟಿ ಮಾಡುತ್ತವೆ. ಹತ್ತು ಕೂಗು ಕೂಗಿಸಿದರೂ ಬೇಳೆ ಕಣ್ಣು ಬಿಟ್ಟುಕೊಂಡೇ ಇರುತ್ತದೆ. ಅದೇ ಬೇಳೆ ದಾವಣಗೆರೆಯ ನೆಂಟರ ಮನೆಯಲ್ಲಿ ಹೊಳೆ ನೀರಲ್ಲಿ ಬೆಣ್ಣೆಯಾಗುತ್ತದೆ. ಆಗ ಬೈಸಿಕೊಳ್ಳುವುದು ಮಾತ್ರ ಕುಕ್ಕರ್, ಇಲ್ಲವೇ ಅಂಗಡಿಯವನು.

ಪರಿಹಾರ ಸುಲಭ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ ತಂದ ಕ್ಯಾನ್ ನೀರಲ್ಲಿ ಬೇಳೆ ನೆನೆಸಿ, ಅದೇ ನೀರಲ್ಲಿ ಬೇಯಿಸಿ. ನೆನೆಸುವುದಕ್ಕೂ ಆ ನೀರೇ ಆಗಬೇಕು. ಬೋರ್ ನೀರಲ್ಲಿ ನೆನೆಸಿ ಕ್ಯಾನ್ ನೀರಲ್ಲಿ ಬೇಯಿಸಿದರೆ ಅರ್ಧ ಲಾಭ ಹೋಯಿತು. ಕ್ಯಾನ್ ನೀರು ಇಲ್ಲದಿದ್ದರೆ ಬೋರ್ ನೀರನ್ನು ಚೆನ್ನಾಗಿ ಕುದಿಸಿ, ಆರಿಸಿ, ತಳದ ಬಿಳಿ ಗಸಿ ಬಿಟ್ಟು ಮೇಲಿನದನ್ನು ಬಳಸಿ. ಗಡಸು ಪೂರ್ತಿ ಹೋಗದಿದ್ದರೂ ಎಷ್ಟೋ ಕಡಿಮೆಯಾಗುತ್ತದೆ. ಕುಕ್ಕರಿನ ತಳಕ್ಕೆ ಮಾತ್ರ ಹಾಕುವ ನೀರು ಬೋರಿನದಾದರೂ ನಡೆಯುತ್ತದೆ. ಅದಕ್ಕೊಂದು ಹುಣಸೆಹಣ್ಣಿನ ಚೂರೋ ಹಿಂಡಿದ ನಿಂಬೆ ಸಿಪ್ಪೆಯೋ ಹಾಕಿದರೆ ಒಳಗೆ ಕಪ್ಪಾಗುವುದಿಲ್ಲ.

ಚಿಟಿಕೆ ಅಡುಗೆ ಸೋಡ ಹಾಕಿದರೆ ಬೇಗ ಬೇಯುತ್ತದಲ್ಲ, ಅಂತ ಕೇಳುವವರಿದ್ದಾರೆ. ಬೇಯುತ್ತದೆ. ಆದರೆ ನೊರೆ ಉಕ್ಕಿ ಕೊಳವೆಗೆ ಏರುತ್ತದೆ, ಕಾಳಿನ ಬಿ ಜೀವಸತ್ವವೂ ಹಾಳು. ಕುಕ್ಕರ್ ಮುಚ್ಚಿ ಬೇಯಿಸುವಾಗ ಸೋಡ ಬೇಡ.

ಬೇಳೆ ಬೇಯದಿರಲು ಇನ್ನೆರಡು ಕಾರಣ ಇವೆ. ಬೇಳೆ ಹಳೆಯದಾಗಿದ್ದರೆ ಯಾವ ನೀರೂ ಪೂರ್ತಿ ಉಪಕಾರ ಮಾಡದು. ಬೇಳೆ ಜೊತೆಯೇ ಟೊಮೆಟೊ, ಹುಣಸೆರಸ ಹಾಕಿದರೂ ಅಷ್ಟೇ, ಹುಳಿ ಬಿದ್ದ ಕಾಳು ಮೆತ್ತಗಾಗುವುದು ನಿಧಾನ. ಹುಳಿಯನ್ನು ಬೆಂದ ಮೇಲೆ ಸೇರಿಸಿ.

ಹಂತ 6: ಮುಚ್ಚಳ, ಹಬೆ, ವೇಟ್, ಉರಿ, ಇದೇ ಕ್ರಮದಲ್ಲಿ

ಕ್ರಮ ತಪ್ಪುವುದು ಇಲ್ಲಿ. ಬಹಳ ಜನ ಮುಚ್ಚಳ ಹಾಕುವಾಗಲೇ ವೇಟನ್ನೂ ಕೂರಿಸಿ, ಉರಿ ಜೋರು ಮಾಡಿ, ಟಿವಿ ಮುಂದೆ ಹೋಗಿ ಕೂರುತ್ತಾರೆ. ಹೀಗೆ ಮಾಡಿ:

ಅಡುಗೆ ತುಂಬಿ, ಅಂಚನ್ನು ಒರೆಸಿ, ವೇಟ್ ಇಲ್ಲದೆ ಮುಚ್ಚಳ ಹಾಕಿ. ಅಂಚಿನಲ್ಲಿ ಒಂದು ಅಗುಳು ಅನ್ನ ಸಿಕ್ಕಿದ್ದರೂ ಹಬೆ ಸೋರುತ್ತದೆ. ಉರಿ ಜೋರಾಗಿರಲಿ, ಆದರೆ ತಳ ದಾಟಿ ಪಕ್ಕಕ್ಕೆ ಏರಬಾರದು. ಏರಿದರೆ ಹಿಡಿ ಸುಡುತ್ತದೆ.

ಕೊಳವೆಯಿಂದ ಹಬೆ ಬರಲು ಶುರುವಾಗುತ್ತದೆ. ಮೊದಲು ಅಲ್ಲಲ್ಲಿ ಪುಸ್ ಪುಸ್ ಅನ್ನುತ್ತದೆ, ನೀರ ಹನಿ ಸಿಡಿಯುತ್ತದೆ. ಕಾಯಿರಿ. ನೆಟ್ಟಗೆ, ಎಡೆಬಿಡದೆ, ಒಂದೇ ಸಮ ಹಬೆ ಬಂದಾಗ ವೇಟ್ ಇಡಿ. ಇದರಿಂದ ಎರಡು ಲಾಭ. ಕೊಳವೆ ಕಟ್ಟಿಲ್ಲ ಎಂದು ಕಣ್ಣಾರೆ ಗೊತ್ತಾಗುತ್ತದೆ. ಒಳಗಿದ್ದ ಗಾಳಿಯೂ ಹೊರಗೆ ಹೋಗುತ್ತದೆ. ಗಾಳಿ ಒಳಗೇ ಉಳಿದರೆ ವೇಟ್ ಕೂಗಿದರೂ ಬಿಸಿ 120 ಮುಟ್ಟಿರುವುದಿಲ್ಲ. "ಮೂರು ಕೂಗು ಆಯ್ತು, ಆದರೂ ಹಸಿ" ಎನ್ನುವುದರ ಹಿಂದೆ ಎಷ್ಟೋ ಸಲ ಇರುವುದು ಈ ಗಾಳಿ.

ಮೊದಲ ಕೂಗು ಬಂದ ಕೂಡಲೇ ಉರಿ ಸಣ್ಣ ಮಾಡಿ. ವೇಟ್ ಅಡಿಯಿಂದ ಸಣ್ಣಗೆ ಹಬೆಯ ಸದ್ದು ಬರುತ್ತಿರಬೇಕು, ಆಗೊಮ್ಮೆ ಈಗೊಮ್ಮೆ ಕೂಗಿದರೆ ಪರವಾಗಿಲ್ಲ. ಈಗ ಗಡಿಯಾರ ನೋಡಿ. ಉರಿ ಜೋರಾಗೇ ಬಿಟ್ಟರೆ ಅಡುಗೆ ಬೇಗ ಆಗುವುದಿಲ್ಲ, ತಳದ ನೀರು ಬೇಗ ಮುಗಿಯುತ್ತದೆ. ಬೇಳೆ ನೀರು ಚೆಲ್ಲುವುದೂ ಬಹುಪಾಲು ಇದರಿಂದಲೇ.

ಹಂತ 7: ಯಾವುದಕ್ಕೆ ಎಷ್ಟು ನಿಮಿಷ

ಕೆಳಗಿನ ನಿಮಿಷಗಳೆಲ್ಲ ಮೊದಲ ಕೂಗಿನ ನಂತರ, ಸಣ್ಣ ಉರಿಯಲ್ಲಿ. ನಿಮ್ಮ ಕುಕ್ಕರ್, ನಿಮ್ಮ ಕಾಳು ನೋಡಿ ಒಂದೆರಡು ನಿಮಿಷ ಆಚೀಚೆ ಮಾಡಿಕೊಳ್ಳಿ.

ತೊಗರಿಬೇಳೆ: ಅರ್ಧ ಗಂಟೆ ನೆನೆಸಿ. ಒಂದಕ್ಕೆ ಮೂರರಷ್ಟು ನೀರು, ಅರಿಶಿನ, ನಾಲ್ಕು ಹನಿ ಎಣ್ಣೆ. ಎಣ್ಣೆ ನೊರೆಯನ್ನು ಅಡಗಿಸುತ್ತದೆ. ಒಳಪಾತ್ರೆ ಅರ್ಧಕ್ಕಿಂತ ಹೆಚ್ಚು ತುಂಬಬಾರದು. 10 ನಿಮಿಷ. ನೇರವಾಗಿ ಕುಕ್ಕರಿಗೆ ಹಾಕಿದರೆ 6 ಸಾಕು.

ಅನ್ನ: ದಿನಕ್ಕೊಂದು ತರ ಆಗುವುದು ಅಕ್ಕಿಯಿಂದ. ಸೋನಾ ಮಸೂರಿ ಹೊಸದಾಗಿದ್ದರೆ ಒಂದಕ್ಕೆ ಒಂದೂಮುಕ್ಕಾಲು, ವರ್ಷ ಹಳತಾಗಿದ್ದರೆ ಎರಡೂಕಾಲು ನೀರು. ಮೂಟೆ ಬದಲಾದ ದಿನ ಅಳತೆಯೂ ಬದಲಾಗಬೇಕು. ಒಳಪಾತ್ರೆಯಲ್ಲಿ 6ರಿಂದ 8 ನಿಮಿಷ, ನೇರವಾಗಿ 4. ಬೇಳೆ, ಅನ್ನ ಒಟ್ಟಿಗೆ ಇಡುವುದಾದರೆ ಬೇಳೆ ಕೆಳಗೆ, ಅಕ್ಕಿ ಮೇಲೆ.

ನವಣೆ, ಸಾಮೆ: ಹೊಸದುರ್ಗದ ಕಡೆಯಿಂದ ಸಾಮೆ ತಂದು ಅಕ್ಕಿಯ ಅಳತೆಯಲ್ಲೇ ಇಟ್ಟು ಗಟ್ಟಿ ಆಯ್ತು ಅನ್ನುವವರಿದ್ದಾರೆ. ಒಂದಕ್ಕೆ ಎರಡೂವರೆ ನೀರು ಹಾಕಿ. ಅರ್ಧ ಗಂಟೆ ನೆನೆಸಿದರೆ 5 ನಿಮಿಷ.

ಹುರುಳಿಕಾಳು: ರಾತ್ರಿ ನೆನೆಸಿ, 15ರಿಂದ 20 ನಿಮಿಷ. ಕಟ್ಟಿನ ಸಾರಿಗಾದರೆ ನೀರು ಐದರಷ್ಟು ಬೇಕು. ಆಗ ಕುಕ್ಕರ್ ಅರ್ಧ ದಾಟುತ್ತದೆಯೇ ಎಂದು ಮೊದಲೇ ನೋಡಿ, ದಾಟಿದರೆ ಎರಡು ಸಲಕ್ಕೆ ಬೇಯಿಸಿ.

ಅಲಸಂದೆ ನೆನೆಸಿದ್ದು 6ರಿಂದ 8, ಕಡಲೆಕಾಳು ರಾತ್ರಿ ನೆನೆದದ್ದು 15ರಿಂದ 20. ರಾಜ್ಮಾ ನೆನೆಸಿದ ನೀರನ್ನು ಚೆಲ್ಲಿ, ಹೊಸ ನೀರಲ್ಲಿ 20 ನಿಮಿಷ ಬೇಯಿಸಿ. ಅರೆಬೆಂದ ರಾಜ್ಮಾ ವಾಂತಿ ತರಿಸುತ್ತದೆ.

ಆಲೂಗಡ್ಡೆ: ಸಿಪ್ಪೆ ಸಮೇತ ಇಡಿಯಾಗಿ 8 ನಿಮಿಷ. ಬೆಣ್ಣೆ ದೋಸೆಯ ಬಿಳಿ ಪಲ್ಯಕ್ಕೆ ಹೀಗೆ ಬೇಯಿಸಿದ್ದೇ ಚೆಂದ, ಹೋಳು ಮಾಡಿ ಬೇಯಿಸಿದರೆ ನೀರು ಕುಡಿದು ಸಪ್ಪೆಯಾಗುತ್ತದೆ.

ಹಸಿ ಶೇಂಗಾ: ಮಣ್ಣು ಹೋಗುವ ತನಕ ತೊಳೆದು, ಉಪ್ಪು ನೀರಲ್ಲಿ 10ರಿಂದ 12 ನಿಮಿಷ. ತೇಲುವುದರಿಂದ ಅರ್ಧ ಕುಕ್ಕರಷ್ಟೇ ಹಾಕಿ.

ಬ್ರಾಯ್ಲರ್ ಕೋಳಿ 6ರಿಂದ 8, ನಾಟಿಕೋಳಿ, ಮಟನ್ 20ರಿಂದ 25. ನಾಟಿಕೋಳಿ ಬಲಿತದ್ದಾದರೆ ಇನ್ನೂ ಐದು.

ಇಡ್ಲಿಗೆ ವೇಟ್ ಇಡಲೇಬಾರದು. ಬರೀ ಹಬೆಯಲ್ಲಿ 10ರಿಂದ 12 ನಿಮಿಷ. ಸಬ್ಬಕ್ಕಿ, ಗಂಜಿ, ಅಂಬಲಿ, ಮುದ್ದೆ, ಇವನ್ನು ಮುಚ್ಚಿದ ಕುಕ್ಕರಿನಲ್ಲಿ ಮಾಡಲೇಬೇಡಿ. ಉಕ್ಕಿ ಕೊಳವೆಗೆ ಅಂಟುತ್ತವೆ. ಮುಚ್ಚಳ ಹಾಕಿ ಎಣ್ಣೆಯಲ್ಲಿ ಕರಿಯುವುದೂ ಕೂಡದು. ಒಗ್ಗರಣೆಯನ್ನು ತೆರೆದಿಟ್ಟೇ ಮಾಡಿ, ನೀರು ಹಾಕಿದ ಮೇಲೆ ಮುಚ್ಚಿ.

ಹಂತ 8: ಇಳಿಸುವುದು, ತೆರೆಯುವುದು

ಒಲೆ ಆರಿಸಿ, ಕುಕ್ಕರ್ ತಾನಾಗಿ ತಣಿಯಲು ಬಿಡಿ. ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷವೂ ಬೇಯುವ ಸಮಯವೇ. ಬೇಳೆ ಒಡೆದು ಮೆತ್ತಗಾಗುವುದು, ಅನ್ನ ಅರಳುವುದು ಆಗ.

ಚಮಚದಿಂದ ವೇಟ್ ಎತ್ತಿ ಹಬೆ ಬಿಡುವ ಅಭ್ಯಾಸ ನಮ್ಮಲ್ಲಿ ಬಹಳ. ಬೇಳೆ, ಅನ್ನ, ಗಟ್ಟಿ ಸಾರು ಇದ್ದಾಗ ಹಬೆಯ ಜೊತೆ ಕುದಿಯುವ ರಸವೂ ಚಿಮ್ಮುತ್ತದೆ, ಕೈ ಮುಖ ಸುಡುತ್ತದೆ. ಅಗಲ ಬೋಗುಣಿಯಲ್ಲಿ ಎರಡು ಬೆರಳು ನೀರು ಹಾಕಿ ಅದರಲ್ಲಿ ಕುಕ್ಕರ್ ಇಟ್ಟರೆ ಬೇಗ ತಣಿಯುತ್ತದೆ, ಅವಸರವಿದ್ದಾಗ ಹಾಗೆ ಮಾಡಿ.

ತೆರೆಯುವ ಮೊದಲು ವೇಟನ್ನು ಕೊಂಚ ಮಾತ್ರ ಎತ್ತಿ. ಸದ್ದು ಬಂದರೆ ಬಿಟ್ಟು ಕಾಯಿರಿ. ಸದ್ದಿಲ್ಲದಿದ್ದರೆ ತೆಗೆದು ಮುಚ್ಚಳ ತೆರೆಯಿರಿ. ಬಿಗಿಯಾಗಿದ್ದರೆ ಸುತ್ತಿಗೆ, ಮೊಣಕಾಲು, ಮನೆಯ ಗಂಡಸರ ಬಲ ಯಾವುದೂ ಬೇಡ. ಇನ್ನೂ ಐದು ನಿಮಿಷ ಬಿಡಿ.

ಈ ಸೂಚನೆ ಕಂಡರೆ ಒಲೆ ಆರಿಸಿ

ವೇಟ್ ಇಟ್ಟು ಬಹಳ ಹೊತ್ತಾದರೂ ಕೂಗಿಲ್ಲ, ಅಂಚಿನಿಂದ ಹಬೆ ಹೋಗುತ್ತಿದೆ ಎಂದರೆ ಗ್ಯಾಸ್ಕೆಟ್ ತೊಂದರೆ. ಒಲೆ ಆರಿಸಿ, ತಣಿದ ಮೇಲೆ ಗ್ಯಾಸ್ಕೆಟನ್ನು ತಣ್ಣೀರಲ್ಲಿ ಅದ್ದಿ ಹಾಕಿದರೆ ಅವತ್ತಿನ ಮಟ್ಟಿಗೆ ನಡೆಯಬಹುದು. ಮರುದಿನ ಹೊಸದು ತನ್ನಿ.

ಕೂಗೂ ಇಲ್ಲ, ಅಂಚಿನಿಂದ ಹಬೆಯೂ ಇಲ್ಲ, ವೇಟ್ ಅಡಿಯ ಸದ್ದೂ ನಿಂತಿದೆ. ಹೆದರಬೇಕಾದ್ದು ಈ ಮೌನಕ್ಕೆ. ಕೊಳವೆ ಕಟ್ಟಿರಬಹುದು, ಇಲ್ಲವೇ ನೀರು ಆರಿರಬಹುದು. ಒಲೆ ಆರಿಸಿ, ವೇಟ್ ಮುಟ್ಟದೆ, ಕುಕ್ಕರ್ ಅಲುಗಿಸದೆ ದೂರ ಬನ್ನಿ. ಮಕ್ಕಳನ್ನೂ ಕರೆದುಕೊಳ್ಳಿ. ಪೂರ್ತಿ ತಣ್ಣಗಾದ ಮೇಲೆ, ಅಂದರೆ ಬರಿಗೈಯಲ್ಲಿ ಮುಟ್ಟುವಂತಾದ ಮೇಲೆ ನೋಡಿ.

ಸೇಫ್ಟಿ ವಾಲ್ವ್‌ನಿಂದ ಹಬೆ ನುಗ್ಗಿ ಬಂದರೆ, ಅಥವಾ ಹೊರಮುಚ್ಚಳದ ಪಕ್ಕದ ಸೀಳಿನಿಂದ ಗ್ಯಾಸ್ಕೆಟ್ ಉಬ್ಬಿ ಹೊರಬಂದರೆ, ಕುಕ್ಕರ್ ನಿಮ್ಮನ್ನು ಕಾಪಾಡಿದೆ ಎಂದೇ ಅರ್ಥ. ಕಾರಣ ಹುಡುಕದೆ ಬರೀ ಹೊಸ ವಾಲ್ವ್ ಹಾಕಿದರೆ ಅದೂ ಹೋಗುತ್ತದೆ. ಮೊದಲು ಕೊಳವೆ, ನೀರಿನ ಅಳತೆ ನೋಡಿ. ಕರಗಿದ ತೂತಿಗೆ ಎಂ-ಸೀಲ್, ಬೆಸುಗೆ, ಮೊಳೆ ಏನನ್ನೂ ತುರುಕಬಾರದು.

ತಳ ಉಬ್ಬಿದೆ, ಅಂಚು ಜಜ್ಜಿದೆ, ಮುಚ್ಚಳ ಸಪಾಟಾಗಿ ಕೂರುತ್ತಿಲ್ಲ ಅಂದರೆ ಆ ಕುಕ್ಕರ್ ಗುಜರಿಗೆ.

ತೊಳೆದು ಇಡುವುದು, ಬಿಡಿಭಾಗ ತರುವುದು

ತೊಳೆಯುವಾಗ ಗ್ಯಾಸ್ಕೆಟ್ ಬಿಚ್ಚಿ, ವೇಟ್ ತಿರುವಿ ಅದರ ಒಳಗೂ ನೀರು ಬಿಡಿ. ಒಣಗಿದ ಮೇಲೆ ಮುಚ್ಚಳವನ್ನು ಅಂಗಾತ ಇಡಿ. ಮುಚ್ಚಿ ಇಟ್ಟರೆ ವಾಸನೆ ಹಿಡಿಯುತ್ತದೆ, ಗ್ಯಾಸ್ಕೆಟ್ಟೂ ಒತ್ತಿಕೊಂಡು ಬೇಗ ಹಾಳು.

ಬೋರ್ ನೀರಿನ ಮನೆಯವರು ಆಗಾಗ ಒಳಗಿನ ಬಿಳಿ ಪೊರೆ ತೆಗೆಯಬೇಕು. ಹುಣಸೆಹಣ್ಣು ಕಿವುಚಿದ ನೀರು ಹಾಕಿ, ವೇಟ್ ಇಡದೆ ಹತ್ತು ನಿಮಿಷ ಕುದಿಸಿ ತೊಳೆಯಿರಿ. ಅದೇ ಪೊರೆ ಹಬೆ ಕೊಳವೆಯ ಒಳಗೂ ಕಟ್ಟುತ್ತದೆ, ಕಣ್ಣಿಗೆ ಬೀಳುವುದಿಲ್ಲ ಅಷ್ಟೇ. ಮುಚ್ಚಳವನ್ನೂ ಆ ನೀರಲ್ಲಿ ಸ್ವಲ್ಪ ಹೊತ್ತು ಅದ್ದಿಡಿ.

ಗ್ಯಾಸ್ಕೆಟನ್ನು ಹೆಚ್ಚು ಕಡಿಮೆ ವರ್ಷಕ್ಕೊಮ್ಮೆ ಬದಲಾಯಿಸಿ. ಹಳೆಯದನ್ನೇ ಅಂಗಡಿಗೆ ಒಯ್ದು ಹೊಂದಿಸಿ ತನ್ನಿ. ಒಂದೇ ಕಂಪನಿಯಲ್ಲೂ ಒಳಮುಚ್ಚಳದ್ದು ಬೇರೆ, ಹೊರಮುಚ್ಚಳದ್ದು ಬೇರೆ. ಒಂದು ಕುಕ್ಕರಿನ ವೇಟನ್ನು ಇನ್ನೊಂದಕ್ಕೆ ಹಾಕಬೇಡಿ, ತೂಕ ಬೇರೆ ಇದ್ದರೆ ಒತ್ತಡವೂ ಬೇರೆ. "ಕುಕ್ಕರ್, ಗ್ಯಾಸ್ ಒಲೆ ರಿಪೇರಿ" ಅಂತ ಬೀದಿಯಲ್ಲಿ ಕೂಗಿಕೊಂಡು ಬರುವವರ ಹತ್ತಿರ ಹಿಡಿ ಹಾಕಿಸಿ, ಸ್ಕ್ರೂ ಬಿಗಿ ಮಾಡಿಸಿ. ವೇಟ್, ಸೇಫ್ಟಿ ವಾಲ್ವ್ ಮಾತ್ರ ನಿಮ್ಮ ಕುಕ್ಕರಿನ ಕಂಪನಿಯದ್ದನ್ನೇ, ಪ್ಯಾಕೆಟ್ಟಿನಲ್ಲಿ ಬಂದದ್ದನ್ನೇ ತನ್ನಿ.